ಬೊಕ್ಕಸದ ಹಣ, ಮನೆಯ ಪಾಠ

ಅಮೆರಿಕಾದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ನಗರದ ಸಮೀಪ ನೆಲೆಸಿರುವ ನನ್ನ ತಂಗಿಯ ಮಗಳು ಕಳೆದ ದಶಲಕ್ಷಣ ಪರ್ವದ ದಿನಗಳಲ್ಲಿ ದೂರವಾಣಿಯ ಮೂಲಕ ಕ್ಷೇಮಸಮಾಚಾರ ವಿಚಾರಿಸುತ್ತ ಒಂದು ಪ್ರಶ್ನೆಯನ್ನು ಕೇಳಿದಳು. ಆಕೆಗೆ ಇಬ್ಬರು ಮಕ್ಕಳು. ಹಿರಿಯಳಾದ ಮಗಳಿಗೆ ಹನ್ನೊಂದು ವರ್ಷ. ಕಿರಿಯವನಾದ ಮಗನಿಗೆ ಏಳು. ಇಬ್ಬರನ್ನೂ ಶಾಲೆಗೆ ಕಳುಹಿಸದೆ ಎರಡು ವರ್ಷಗಳಿಂದ ತಾನೇ ಮನೆಯಲ್ಲಿ ಪಾಠ ಹೇಳುತ್ತಿದ್ದಾಳೆ. ಆ ರಾಜ್ಯದಲ್ಲಿ ಹೀಗೆ ಮನೆಯಲ್ಲಿ ಕಲಿಯುವ ಮಗುವಿನ ಹೆಸರಿನಲ್ಲಿಯೂ, ತಾಯಿತಂದೆಗಳು ಒಪ್ಪಂದವೊಂದಕ್ಕೆ ಸಹಿ ಹಾಕಿದರೆ, ಸರಕಾರವು ವರ್ಷಕ್ಕೆ ಸುಮಾರು 7,000 ಡಾಲರುಗಳನ್ನು ಒಂದು ಖಾತೆಗೆ ಜಮಾ ಮಾಡುತ್ತದೆ. ಪುಸ್ತಕ, ಉಪಕರಣ, ಖಾಸಗಿ ಶಿಕ್ಷಕರ ಶುಲ್ಕ ಮುಂತಾದವುಗಳಿಗೆ ಅದರಿಂದ ಖರ್ಚು ಮಾಡಬಹುದು.

"ನೆರೆಹೊರೆಯವರೆಲ್ಲ ತೆಗೆದುಕೊಳ್ಳುತ್ತಿದ್ದಾರೆ, ಮಾವ. ನಾವು ತೆಗೆದುಕೊಂಡರೆ ತಪ್ಪೇನು? ನೀವು ಲೆಕ್ಕ ಬಲ್ಲವರು, ಹೇಳಿ" ಎಂದಳು.

"ದುಡಿಯದ ಹಣ ನಮಗೆ ಬೇಡ" ಎಂದುಬಿಟ್ಟೆ. ಆಕೆ ಸುಮ್ಮನಿರಲಿಲ್ಲ. "ಮಕ್ಕಳನ್ನು ಸರಕಾರಿ ಶಾಲೆಗೆ ಕಳುಹಿಸಿದ್ದರೆ ಅದೂ ಬೊಕ್ಕಸದ ಹಣವೇ ಅಲ್ಲವೇ? ಅದನ್ನು ಯಾರೂ ದುಡಿಯದ ಹಣವೆನ್ನುವುದಿಲ್ಲವಲ್ಲ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಪ್ರಶ್ನೆಯು ನಾನು ಎಣಿಸಿದ್ದಕ್ಕಿಂತ ಗಂಭೀರವಾದುದೆಂದು ಆಗ ಅರಿವಾಯಿತು. ಆಮೇಲೆ ಈ ವಿಷಯವನ್ನು ಕುರಿತು ಓದಿ, ಕೇಳಿ, ವಿಚಾರಿಸಿ ಕಂಡುಕೊಂಡದ್ದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ನಮ್ಮ ಅನೇಕ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಆ ದೇಶದಲ್ಲಿದ್ದಾರೆ. ಇದೇ ಪ್ರಶ್ನೆ ಅವರ ಮನೆಬಾಗಿಲಿಗೂ ಬಂದಿರಬಹುದು. ಪರರ ಹಣವನ್ನು ವಿಶ್ವಾಸದಿಂದ ನಿರ್ವಹಿಸುವ ಬಸದಿ ಟ್ರಸ್ಟುಗಳವರಿಗೂ ಇದರಲ್ಲಿ ವಿಚಾರಣೀಯವಾದ ಅಂಶವೊಂದಿದೆ.

ಯೋಜನೆ ಹುಟ್ಟಿದ ಬಗೆ

ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಹಕ್ಕು ಅಮೆರಿಕಾದಲ್ಲಿ ಸುಲಭವಾಗಿ ದೊರೆತದ್ದಲ್ಲ. ಮಕ್ಕಳೆಲ್ಲರೂ ಸರಕಾರಿ ಶಾಲೆಗೇ ಹೋಗತಕ್ಕದ್ದೆಂದು ಆರೆಗಾನ್ ರಾಜ್ಯವು ಮಾಡಿದ ಕಾನೂನನ್ನು 1925ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿ, ಮಕ್ಕಳ ಶಿಕ್ಷಣವನ್ನು ಆಯ್ದುಕೊಳ್ಳುವಲ್ಲಿ ತಾಯಿತಂದೆಗಳ ಅಧಿಕಾರವನ್ನು ಎತ್ತಿಹಿಡಿಯಿತು. 1972ರಲ್ಲಿ ಆಮಿಶ್ ಪಂಥದ ಕುಟುಂಬಗಳು ಎಂಟನೆಯ ತರಗತಿಯ ಅನಂತರ ಮಕ್ಕಳನ್ನು ಶಾಲೆಯಿಂದ ಬಿಡಿಸಬಹುದೆಂದು ತೀರ್ಪಿತ್ತಿತು. ಜಾನ್ ಹೋಲ್ಟ್ ಎಂಬ ಶಿಕ್ಷಣಚಿಂತಕರು 1977ರಲ್ಲಿ ಗೃಹಶಿಕ್ಷಣಕ್ಕಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿದರು. 1983ರಲ್ಲಿ ಗೃಹಶಿಕ್ಷಣದ ಕುಟುಂಬಗಳ ಕಾನೂನು ರಕ್ಷಣೆಗೆಂದೇ ಒಂದು ಸಂಘ ಸ್ಥಾಪಿತವಾಯಿತು. ದಂಡ ತೆತ್ತು, ನ್ಯಾಯಾಲಯದ ಮೆಟ್ಟಿಲು ಹತ್ತಿದ ತಾಯಿತಂದೆಗಳು ಅನೇಕರು. 1993ರ ವೇಳೆಗೆ ಐವತ್ತು ರಾಜ್ಯಗಳಲ್ಲಿಯೂ ಗೃಹಶಿಕ್ಷಣ ಕಾನೂನುಬದ್ಧವಾಗಿತ್ತು. ಈ ಹೋರಾಟದ ಉದ್ದಕ್ಕೂ ಅವರು ಸರಕಾರದಿಂದ ಹಣವನ್ನು ಕೇಳಲಿಲ್ಲ. ತಮ್ಮನ್ನು ತಮ್ಮ ಪಾಡಿಗೆ ಬಿಡಿರೆಂದು ಕೇಳಿದರು. ಇದನ್ನು ನೆನಪಿನಲ್ಲಿಡುವುದು ಅವಶ್ಯ.

ಹಣದ ಕಥೆ ಬೇರೆ ಕಡೆಯಿಂದ ಬಂದದ್ದು. ಸರಕಾರವು ಶಾಲೆಗಳನ್ನು ತಾನೇ ನಡೆಸುವ ಬದಲು ತಾಯಿತಂದೆಗಳ ಕೈಗೆ ಹಣದ ಚೀಟಿಯನ್ನು ಕೊಟ್ಟು, ಇಷ್ಟವಾದ ಶಾಲೆಯನ್ನು ಆರಿಸಿಕೊಳ್ಳಲು ಬಿಡಬೇಕೆಂದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರು 1955ರಲ್ಲಿ ಪ್ರತಿಪಾದಿಸಿದರು. 1990ರಲ್ಲಿ ಮಿಲ್ವಾಕೀ ನಗರದಲ್ಲಿ ಅದು ಬಡ ಕುಟುಂಬಗಳ ಮಟ್ಟಿಗೆ ಕಾರ್ಯರೂಪಕ್ಕೆ ಬಂದಿತು. ಅರಿಜೋನಾ ರಾಜ್ಯವೂ ವಿಕಲಚೇತನ ಮಕ್ಕಳಿಗಾಗಿ ಮತ್ತು ಅನ್ಯರ ಪೋಷಣೆಯಲ್ಲಿರುವ ಮಕ್ಕಳಿಗಾಗಿ ಇಂತಹ ಚೀಟಿಗಳನ್ನು ಕೊಡತೊಡಗಿದಾಗ, ಸಾರ್ವಜನಿಕ ಹಣವನ್ನು ಖಾಸಗಿ ಮತ್ತು ಧಾರ್ಮಿಕ ಶಾಲೆಗಳಿಗೆ ಕೊಡಬಾರದೆಂಬ ರಾಜ್ಯ ಸಂವಿಧಾನದ ವಿಧಿಗೆ ಅದು ವಿರುದ್ಧವೆಂದು 2009ರಲ್ಲಿ ಅಲ್ಲಿನ ಉಚ್ಚತಮ ನ್ಯಾಯಾಲಯವು ತೀರ್ಪಿತ್ತಿತು. ಶಾಸಕರು ಬೇರೊಂದು ದಾರಿಯನ್ನು ಕಂಡುಕೊಂಡರು. ಹಣವನ್ನು ಶಾಲೆಗೆ ಕೊಡದೆ, ತಾಯಿತಂದೆಗಳು ನಿರ್ವಹಿಸುವ ಖಾತೆಗೆ ಹಾಕಿದರು. 2011ರಲ್ಲಿ ವಿಕಲಚೇತನ ಮಕ್ಕಳಿಗಾಗಿ ಹೀಗೆ ಹುಟ್ಟಿದ ಶಿಕ್ಷಣ ಖಾತೆಯ ಯೋಜನೆಯನ್ನು 2013ರಲ್ಲಿ ಮೇಲ್ಮನವಿ ನ್ಯಾಯಾಲಯವು ಎತ್ತಿಹಿಡಿಯಿತು. ಹಣ ಎಲ್ಲಿಗೆ ಹೋಗಬೇಕೆಂಬುದನ್ನು ತಾಯಿತಂದೆಗಳು ನಿರ್ಧರಿಸುತ್ತಾರೆಯೇ ಹೊರತು ಸರಕಾರವಲ್ಲವೆಂಬುದು ಆ ತೀರ್ಪಿನ ಸಾರ.

ಇಷ್ಟರಲ್ಲಿಯೇ ನಿಂತಿದ್ದರೆ ವಿವಾದ ಇಷ್ಟು ಬೆಳೆಯುತ್ತಿರಲಿಲ್ಲ. ಯೋಜನೆಯನ್ನು ಎಲ್ಲ ಮಕ್ಕಳಿಗೂ ವಿಸ್ತರಿಸುವ ಕಾನೂನನ್ನು 2018ರ ನವೆಂಬರಿನಲ್ಲಿ ರಾಜ್ಯದ ಮತದಾರರು ಜನಮತಗಣನೆಯಲ್ಲಿ ಬಹುಮತದಿಂದ ತಿರಸ್ಕರಿಸಿದರು. ನಾಲ್ಕು ವರ್ಷಗಳ ಅನಂತರ, 2022ರಲ್ಲಿ, ಶಾಸನಸಭೆಯು ಅದೇ ವಿಸ್ತರಣೆಯನ್ನು ಮತ್ತೆ ಅಂಗೀಕರಿಸಿತು. ರಾಜ್ಯಪಾಲ ಡಗ್ ಡ್ಯೂಸಿ ಅವರು ಸಹಿ ಮಾಡಿದರು. ಅದಕ್ಕೆ ಮುನ್ನ ಸುಮಾರು 12,000 ಮಕ್ಕಳು ಖಾತೆ ಹೊಂದಿದ್ದರು. 2024ರ ವೇಳೆಗೆ ಆ ಸಂಖ್ಯೆ 75,000ವನ್ನು ಮೀರಿತು. ಪಶ್ಚಿಮ ವರ್ಜೀನಿಯಾ 2021ರಲ್ಲಿ, ಫ್ಲಾರಿಡಾ ಮತ್ತು ಯೂಟಾ 2023ರಲ್ಲಿ, ಟೆಕ್ಸಾಸ್ 2025ರಲ್ಲಿ ಇಂತಹುದೇ ಕಾನೂನುಗಳನ್ನು ಮಾಡಿದವು. ಗೃಹಶಿಕ್ಷಣದ ಮಗುವಿಗೆ ಟೆಕ್ಸಾಸ್ ಗೊತ್ತುಪಡಿಸಿದ ಮಿತಿ 2,000 ಡಾಲರ್. ಖಾಸಗಿ ಶಾಲೆಗೆ ಸೇರುವ ಮಗುವಿಗೆ ಅದರ ಐದು ಪಟ್ಟಿನಷ್ಟು. ಯೂಟಾ ರಾಜ್ಯವು ಎಲ್ಲರಿಗೂ 8,000 ಡಾಲರ್ ಎಂದಿದ್ದುದನ್ನು 2025ರಲ್ಲಿ ಗೃಹಶಿಕ್ಷಣದ ಮಕ್ಕಳಿಗೆ ವಯಸ್ಸಿಗನುಸಾರವಾಗಿ 4,000 ಮತ್ತು 6,000ಕ್ಕೆ ಇಳಿಸಿತು.

ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಖಾಸಗಿ ಶಾಲೆಯಲ್ಲಿ ಬಡ ಮಗುವಿಗೆ ಸ್ಥಾನ ದೊರೆತಾಗ ಸರಕಾರವು ಶುಲ್ಕವನ್ನು ಶಾಲೆಗೆ ಮರುಪಾವತಿ ಮಾಡುತ್ತದೆ. ಹಣ ತಾಯಿತಂದೆಗಳ ಕೈ ಸೇರುವುದಿಲ್ಲ. ಅಮೆರಿಕಾದ ಶಿಕ್ಷಣ ಖಾತೆಯ ಸ್ವರೂಪವು ಇದಕ್ಕಿಂತ ತೀರ ಭಿನ್ನವೆಂಬುದನ್ನು ವಾಚಕರು ಗಮನಿಸಬೇಕು.

ಸಮರ್ಥಕರ ವಾದಗಳು

ಯೋಜನೆಯ ಪರವಾಗಿ ಮುಖ್ಯವಾಗಿ ಮೂರು ವಾದಗಳನ್ನು ಹೂಡುತ್ತಾರೆ.

ಮೊದಲನೆಯದು, ಇದು ನಮ್ಮದೇ ತೆರಿಗೆಯ ಹಣ, ಅದನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ ಎಂಬುದು. ವ್ಯಾಪಾರಿಯಾದ ನಾನು ಇದನ್ನು ಅಂಕಿಗಳಿಂದಲೇ ಪರೀಕ್ಷಿಸಿದೆ. ಅರಿಜೋನಾದಲ್ಲಿ 2023ರಿಂದ ರಾಜ್ಯದ ಆದಾಯ ತೆರಿಗೆ ಎಲ್ಲರಿಗೂ ಶೇಕಡಾ 2.5. ಇಬ್ಬರು ಮಕ್ಕಳ ಹೆಸರಿನಲ್ಲಿ ವರ್ಷಕ್ಕೆ 14,000 ಡಾಲರ್ ಪಡೆಯುವ ಕುಟುಂಬವು ಅಷ್ಟು ಹಣವನ್ನು ಆದಾಯ ತೆರಿಗೆಯಾಗಿ ಕಟ್ಟಬೇಕಾದರೆ ಅದರ ತೆರಿಗೆಗೊಳಪಡುವ ವಾರ್ಷಿಕ ಆದಾಯ 5,60,000 ಡಾಲರ್ ಇರಬೇಕು. ಮಾರಾಟ ತೆರಿಗೆ, ಆಸ್ತಿ ತೆರಿಗೆಗಳನ್ನು ಸೇರಿಸಿದರೂ ಸಾಧಾರಣ ಕುಟುಂಬವೊಂದು ರಾಜ್ಯಕ್ಕೆ ಕೊಡುವುದು ಇದಕ್ಕಿಂತ ಕಡಮೆ. ಉಳಿದದ್ದನ್ನು ಕೊಡುವವರು ಮಕ್ಕಳಿಲ್ಲದವರು, ಮಕ್ಕಳು ಬೆಳೆದು ದೊಡ್ಡವರಾದ ವೃದ್ಧರು, ಅಂಗಡಿಯಲ್ಲಿ ಸಾಮಾನು ಕೊಳ್ಳುವ ಪ್ರತಿಯೊಬ್ಬ ಬಡವನು. ಹೀಗಿರುವಾಗ ಇದನ್ನು ನಮ್ಮದೇ ಹಣವೆನ್ನುವುದು ತಪ್ಪು ಖಾತೆಗೆ ಜಮಾ ಬರೆದಂತೆ. ಪರರ ಹಣವನ್ನು ಪಡೆಯುವುದು ಪಾಪವಲ್ಲ. ಸರಕಾರಿ ಶಾಲೆ, ಆಸ್ಪತ್ರೆ, ರಸ್ತೆಗಳೆಲ್ಲವೂ ಆ ರೀತಿಯವೇ. ಆದರೆ ಪರರ ಹಣವೆಂದು ತಿಳಿದು ಪಡೆಯುವುದಕ್ಕೂ ನಮ್ಮದೆಂದು ತಿಳಿದು ಪಡೆಯುವುದಕ್ಕೂ ಅಂತರವಿದೆ. ನಮ್ಮದೆಂದುಕೊಂಡವನು ಲೆಕ್ಕ ಒಪ್ಪಿಸಲು ಬೇಸರಪಡುತ್ತಾನೆ.

ಎರಡನೆಯ ವಾದ, ಹಣವು ಮಗುವನ್ನು ಹಿಂಬಾಲಿಸುತ್ತದೆ, ಆದುದರಿಂದ ಬೊಕ್ಕಸಕ್ಕೆ ಹೊಸ ಭಾರವಿಲ್ಲ ಎಂಬುದು. ಮಗು ಸರಕಾರಿ ಶಾಲೆಯಲ್ಲಿದ್ದು ಅಲ್ಲಿಂದ ಹೊರಟರೆ ಈ ಮಾತು ಬಹುಮಟ್ಟಿಗೆ ನಿಜ. ಆದರೆ 2022ರಲ್ಲಿ ಯೋಜನೆ ವಿಸ್ತಾರವಾದ ಹೊಸದರಲ್ಲಿ ಅರ್ಜಿ ಹಾಕಿದವರ ಪೈಕಿ ಸುಮಾರು ಮುಕ್ಕಾಲು ಪಾಲು ಮಕ್ಕಳು ಅಲ್ಲಿನ ಸರಕಾರಿ ಶಾಲೆಯಲ್ಲಿ ಓದಿದ ದಾಖಲೆಯೇ ಇರಲಿಲ್ಲವೆಂದು ರಾಜ್ಯದ ಶಿಕ್ಷಣ ಇಲಾಖೆಯೇ ತಿಳಿಸಿತು. ಅವರು ಅದಾಗಲೇ ಖಾಸಗಿ ಶಾಲೆಯಲ್ಲಿಯೋ ಮನೆಯಲ್ಲಿಯೋ ಕಲಿಯುತ್ತಿದ್ದವರು. ಅವರ ಮಟ್ಟಿಗೆ ಇದು ಹೊಸ ಖರ್ಚು. ವಿಸ್ತರಣೆಯಿಂದ ಎರಡನೆಯ ವರ್ಷದಲ್ಲಿ ಆಗಬಹುದಾದ ಹೆಚ್ಚಿನ ವೆಚ್ಚ ಸುಮಾರು 6.5 ಕೋಟಿ ಡಾಲರ್ ಎಂದು ಶಾಸನಸಭೆಯ ಆಯವ್ಯಯ ತಜ್ಞರು ಮೊದಲು ಅಂದಾಜು ಮಾಡಿದ್ದರು. ವಾಸ್ತವಿಕ ವೆಚ್ಚ ಅದರ ಹಲವು ಪಟ್ಟಾಯಿತು.

ಮೂರನೆಯ ವಾದ, ಮಗುವಿನ ಹಿತವನ್ನು ತಾಯಿತಂದೆಗಳಷ್ಟು ಬಲ್ಲವರು ಬೇರಿಲ್ಲ ಎಂಬುದು. ಇದನ್ನು ನಾನು ತಳ್ಳಿಹಾಕಲಾರೆ. ನನ್ನ ತಂಗಿಯ ಮಗಳು ತನ್ನ ಮಗನಿಗೆ ಪಾಠ ಹೇಳುವುದನ್ನು ದೂರದರ್ಶನದ ಪರದೆಯಂತಹ ಯಂತ್ರದಲ್ಲಿ ಕಣ್ಣಾರೆ ಕಂಡಿದ್ದೇನೆ. ಆ ಹುಡುಗನಿಗೆ ಮಾತಿನ ತೊಡಕಿದೆ. ಒಂದು ಶಬ್ದಕ್ಕಾಗಿ ಆಕೆ ಕಾಲುಗಂಟೆ ಕಾಯುತ್ತಾಳೆ. ಮೂವತ್ತು ಮಕ್ಕಳ ತರಗತಿಯಲ್ಲಿ ಯಾವ ಶಿಕ್ಷಕಿಯೂ ಅಷ್ಟು ಕಾಯಲಾರಳು. ಆದರೆ ತಾಯಿತಂದೆಗಳು ಬಲ್ಲವರೆಂಬ ಮಾತು ಮಗುವನ್ನು ತಮ್ಮ ಇಷ್ಟದಂತೆ ಬೆಳೆಸುವ ಅಧಿಕಾರಕ್ಕೆ ಆಧಾರವಾಗುತ್ತದೆಯೇ ವಿನಾ ಪರರ ಹಣಕ್ಕೆ ಲೆಕ್ಕ ಒಪ್ಪಿಸದಿರುವ ಅಧಿಕಾರಕ್ಕಲ್ಲ. ಇವೆರಡನ್ನು ಬೆರೆಸಿರುವುದೇ ಈ ಯೋಜನೆಯ ಮೂಲದೋಷವೆಂದು ನನಗೆ ತೋರುತ್ತದೆ.

ಪಾವತಿಯ ಲೆಕ್ಕ, ಕಲಿಕೆಯ ಲೆಕ್ಕ

ಇಲ್ಲಿ ನನ್ನದೇ ಅನುಭವವೊಂದನ್ನು ಹೇಳಬೇಕಾಗಿದೆ. ನಾನು ಕೆಲವು ವರ್ಷ ಒಂದು ಟ್ರಸ್ಟಿನ ಖಜಾಂಚಿಯಾಗಿದ್ದೆ. ಅದರಲ್ಲಿ ಬಡ ವಿದ್ಯಾರ್ಥಿಗಳ ಸಹಾಯನಿಧಿಯೊಂದಿತ್ತು. ಪ್ರತಿವರ್ಷವೂ ವಿದ್ಯಾರ್ಥಿಗಳು ಕಾಲೇಜಿಗೆ ಶುಲ್ಕ ಕಟ್ಟಿದ ಪಾವತಿಗಳನ್ನು ತರಿಸಿ, ಕಿರ್ದಿಯೊಡನೆ ತಾಳೆ ನೋಡಿ, ಖತಾವಣಿಗೆ ಏರಿಸಿ, ಲೆಕ್ಕಪರಿಶೋಧಕರ ಸಹಿ ಪಡೆಯುತ್ತಿದ್ದೆವು. ಒಂದು ಪೈಸೆಯೂ ವ್ಯತ್ಯಾಸವಿರಲಿಲ್ಲ. ಮೂರು ವರ್ಷಗಳ ಅನಂತರ ಆಕಸ್ಮಿಕವಾಗಿ ತಿಳಿದುಬಂದ ಸಂಗತಿಯೆಂದರೆ, ಅವರಲ್ಲೊಬ್ಬ ಹುಡುಗನು ಮೊದಲ ವರ್ಷದ ಪರೀಕ್ಷೆಗೇ ಕುಳಿತಿರಲಿಲ್ಲ. ಇಂಗ್ಲಿಷ್ ಮಾಧ್ಯಮದ ಪಾಠ ಅವನಿಗೆ ತಲೆಗೆ ಹತ್ತದೆ, ಹೇಳಿಕೊಳ್ಳಲು ನಾಚಿ, ವರ್ಷ ವರ್ಷವೂ ಶುಲ್ಕ ಕಟ್ಟಿ ಪಾವತಿಯನ್ನು ನಮಗೆ ಕಳುಹಿಸುತ್ತಿದ್ದನು. ಅವನು ಮೋಸಗಾರನಲ್ಲ, ನಮ್ಮ ಹಣವನ್ನು ಕಾಲೇಜಿಗೇ ಕಟ್ಟಿದ್ದನು. ನಾವು ಒಮ್ಮೆಯಾದರೂ "ಏನಪ್ಪಾ, ಎಷ್ಟು ಕಲಿತೆ?" ಎಂದು ಕೇಳಿದ್ದರೆ ಮೊದಲ ವರ್ಷವೇ ಅವನಿಗೊಬ್ಬ ಶಿಕ್ಷಕರನ್ನು ಗೊತ್ತುಮಾಡಬಹುದಾಗಿತ್ತು. ಪಾವತಿ ಕೇಳಿದೆವು, ಹುಡುಗನನ್ನು ಕೇಳಲಿಲ್ಲ. ಆ ನಿಧಿಯ ಲೆಕ್ಕ ಸರಿಯಾಗಿತ್ತು. ನಿಧಿಯ ಉದ್ದೇಶ ಕೆಟ್ಟಿತ್ತು. ಆ ದೋಷ ನನ್ನದೂ ಹೌದು.

ಅರಿಜೋನಾದ ಶಿಕ್ಷಣ ಖಾತೆಯನ್ನು ಕುರಿತು ಓದಿದಾಗ ನನಗೆ ನೆನಪಾದದ್ದು ಈ ಹುಡುಗನೇ. ಅಲ್ಲಿನ ಒಪ್ಪಂದಪತ್ರದಲ್ಲಿ ತಾಯಿತಂದೆಗಳು ಮಗುವಿಗೆ ಓದು, ವ್ಯಾಕರಣ, ಗಣಿತ, ಸಮಾಜಶಾಸ್ತ್ರ, ವಿಜ್ಞಾನ ಎಂಬ ಐದು ವಿಷಯಗಳನ್ನು ಕಲಿಸುವೆವೆಂದು ಮಾತು ಕೊಡುತ್ತಾರೆ. ಹಣವು ವರ್ಷಕ್ಕೆ ನಾಲ್ಕು ಕಂತುಗಳಲ್ಲಿ ಜಮಾ ಆಗುತ್ತದೆ. ಕೊಂಡ ವಸ್ತುವಿನ ಪಾವತಿಯನ್ನು ಒಪ್ಪಿಸಬೇಕು. ಆದರೆ ಮಗು ಆ ಐದು ವಿಷಯಗಳಲ್ಲಿ ಒಂದನ್ನಾದರೂ ಕಲಿಯಿತೇ ಎಂದು ತಿಳಿಯಲು ಪರೀಕ್ಷೆಯಿಲ್ಲ, ಹಾಳೆಪತ್ರಗಳ ಪರಿಶೀಲನೆಯಿಲ್ಲ, ಬಂದು ನೋಡುವವರಿಲ್ಲ. ಹಣ ಕೊಟ್ಟವನು ಸರಕು ತಲುಪಿತೇ ಎಂದು ಕೇಳದಿರುವ ವ್ಯವಹಾರವನ್ನು ನಾನು ನನ್ನ ನಲವತ್ತು ವರ್ಷಗಳ ವ್ಯಾಪಾರದಲ್ಲಿ ಕಂಡಿಲ್ಲ.

ಪರಿಣಾಮವು ಎರಡು ದಿಕ್ಕಿನಲ್ಲಿಯೂ ಕೆಟ್ಟಿತು. ಒಂದೆಡೆ ಸಡಿಲಿಕೆ. ಯೋಜನೆ ಇನ್ನೂ ಚಿಕ್ಕದಾಗಿದ್ದಾಗಲೇ, 2018ರಲ್ಲಿ, ರಾಜ್ಯದ ಮಹಾಲೆಕ್ಕಪರಿಶೋಧಕರು 7 ಲಕ್ಷ ಡಾಲರಿಗೂ ಮೀರಿದ ದುರ್ವಿನಿಯೋಗವನ್ನು ಪತ್ತೆಹಚ್ಚಿದರು. ಅದರಲ್ಲಿ ವಸೂಲಾದದ್ದು ಅತ್ಯಲ್ಪ. ವಿಸ್ತರಣೆಯ ಅನಂತರ ಹಿಮದ ಮೇಲೆ ಜಾರುವ ಕ್ರೀಡೆಯ ಪಾಸುಗಳು, ಬೆಲೆಬಾಳುವ ಆಟಿಕೆಗಳು, ಪಿಯಾನೋಗಳು ಈ ಹಣದಲ್ಲಿ ಖರೀದಿಯಾದ ವರದಿಗಳು ಬಂದವು. 2024ರ ಫೆಬ್ರವರಿಯಲ್ಲಿ ಐವರ ಮೇಲೆ, ಅವರಲ್ಲಿ ಮೂವರು ಶಿಕ್ಷಣ ಇಲಾಖೆಯ ಮಾಜಿ ನೌಕರರು, ಇಲ್ಲದ ಮಕ್ಕಳ ಹೆಸರುಗಳನ್ನೂ ಸೇರಿಸಿ 6 ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ಎತ್ತಿದರೆಂಬ ಆರೋಪ ದಾಖಲಾಯಿತು. ನ್ಯಾಯಾಲಯದ ತೀರ್ಪೇನೇ ಇರಲಿ, ಕಲಿಕೆಯನ್ನು ಯಾರೂ ಕೇಳದ ಕಡೆ ಹುಟ್ಟದ ಮಗುವೂ ವಿದ್ಯಾರ್ಥಿಯಾಗಬಲ್ಲುದೆಂಬ ಸಂದೇಹಕ್ಕೆ ಅವಕಾಶವಾಯಿತಲ್ಲ, ಅದೇ ಯೋಜನೆಯ ದೌರ್ಬಲ್ಯ.

ಇನ್ನೊಂದೆಡೆ ಅತಿ ಬಿಗಿ. 2024ರ ಜುಲೈಯಲ್ಲಿ ರಾಜ್ಯದ ಅಟಾರ್ನಿ ಜನರಲ್ ಅವರು, ಕೊಳ್ಳುವ ಪೂರಕ ಸಾಮಗ್ರಿಗೆ ಪಠ್ಯಕ್ರಮದ ಆಧಾರವಿರಬೇಕೆಂದು ಆಕ್ಷೇಪಿಸಿದರು. ಇಲಾಖೆಯು ಆಗ ಪೆನ್ಸಿಲು, ರಬ್ಬರು, ಕಥೆಪುಸ್ತಕಗಳಿಗೂ ಸಮರ್ಥನೆ ಬರೆದುಕೊಡಿರೆಂದು ಕೇಳತೊಡಗಿತು. ಪ್ರಾಮಾಣಿಕ ತಾಯಂದಿರು ರೋಸಿಹೋದರು. ಇಬ್ಬರು ಅದೇ ವರ್ಷ ನ್ಯಾಯಾಲಯಕ್ಕೂ ಹೋದರು. ಬಿಲ್ಲುಗಳು ರಾಶಿಬಿದ್ದವು. ಕೊನೆಗೆ ಡಿಸೆಂಬರಿನಲ್ಲಿ ಇಲಾಖೆಯು 2,000 ಡಾಲರಿಗಿಂತ ಕಡಮೆಯ ಬಿಲ್ಲುಗಳನ್ನು ಮೊದಲು ಮಂಜೂರು ಮಾಡಿ ಆಮೇಲೆ ಪರಿಶೀಲಿಸುವ ಕ್ರಮವನ್ನು ತಂದಿತು. ಪೆನ್ಸಿಲು ಏಕೆ ಬೇಕೆಂದು ಕೇಳಿದವರು, ಆ ಪೆನ್ಸಿಲಿನಿಂದ ಮಗು ನಾಲ್ಕು ಸಾಲು ಬರೆಯಬಲ್ಲುದೇ ಎಂದು ಮಾತ್ರ ಕೇಳಲಿಲ್ಲ. ಕೇಳಬೇಕಾದದ್ದನ್ನು ಕೇಳದಿದ್ದಾಗ ಕೇಳಬಾರದ್ದನ್ನೆಲ್ಲ ಕೇಳಬೇಕಾಗುತ್ತದೆ.

ಫ್ಲಾರಿಡಾ ರಾಜ್ಯವು ಈ ವಿಷಯದಲ್ಲಿ ಸ್ವಲ್ಪ ವಿವೇಕವನ್ನು ತೋರಿದೆ. ಅಲ್ಲಿ 2023ರಲ್ಲಿ ರೂಪಿಸಿದ ವ್ಯವಸ್ಥೆಯಲ್ಲಿ ಮನೆಯಲ್ಲಿ ಕಲಿಸುವ ತಾಯಿತಂದೆಗಳು ವರ್ಷದ ಕಲಿಕೆಯ ಯೋಜನೆಯನ್ನು ಬರೆದುಕೊಡಬೇಕು. ಮಗುವು ಪ್ರತಿವರ್ಷ ಒಂದು ಮಾನ್ಯ ಪರೀಕ್ಷೆಗೆ ಕುಳಿತು ಅಂಕಗಳನ್ನು ಒಪ್ಪಿಸಬೇಕು. ಆದರೆ ಅದೇ ವರ್ಷ ಅಲ್ಲಿನ ಖರೀದಿ ಮಾರ್ಗದರ್ಶಿಯಲ್ಲಿ ದೊಡ್ಡ ದೂರದರ್ಶನ ಯಂತ್ರ, ನೀರಿನ ಮೇಲೆ ನಿಂತು ಹುಟ್ಟುಹಾಕುವ ಹಲಗೆ, ಮನೋರಂಜನಾ ಉದ್ಯಾನದ ಪ್ರವೇಶಪತ್ರಗಳಿಗೂ ಅನುಮತಿಯಿದ್ದುದು ಟೀಕೆಗೆ ಗುರಿಯಾಯಿತು. ಪರೀಕ್ಷೆಯೊಂದೇ ಕಲಿಕೆಯ ಅಳತೆಗೋಲಲ್ಲವೆಂಬುದನ್ನು ನಾನು ಬಲ್ಲೆ. ಆದರೂ ಅಳತೆಗೋಲೇ ಇಲ್ಲದಿರುವುದಕ್ಕಿಂತ ಒರಟಾದ ಅಳತೆಗೋಲು ಮೇಲು.

ಸರಕಾರಿ ಶಾಲೆಗಳಲ್ಲಿ ದುಂದು ಇಲ್ಲವೇ, ಅಲ್ಲಿ ಕಲಿಯದೆ ಹೊರಬೀಳುವ ಮಕ್ಕಳಿಲ್ಲವೇ ಎಂದು ಸಮರ್ಥಕರು ಕೇಳುತ್ತಾರೆ. ಇದ್ದಾರೆ, ಬೇಕಾದಷ್ಟು ಇದ್ದಾರೆ. ಆದರೆ ಆ ಶಾಲೆಗಳ ಮಕ್ಕಳು ರಾಜ್ಯದ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಾರೆ, ಫಲಿತಾಂಶ ಪ್ರಕಟವಾಗುತ್ತದೆ, ಆಡಳಿತ ಮಂಡಳಿಯನ್ನು ಜನರು ಚುನಾಯಿಸುತ್ತಾರೆ. ದೋಷವಿದೆಯೆಂದು ಗೊತ್ತಾಗುವುದೇ ಲೆಕ್ಕ ಇರುವುದರಿಂದ.

ಕೊಳ್ಳಲಾಗದ ವಸ್ತು

ಇನ್ನೊಂದು ಸಂಗತಿ ನನಗೆ ಬಹಳ ವಿಚಾರಕ್ಕೆ ಎಡೆಗೊಟ್ಟಿತು. ಮನೆಯ ಪಾಠದಲ್ಲಿ ಅತ್ಯಂತ ಬೆಲೆಯುಳ್ಳದ್ದು ಯಾವುದು? ತಾಯಿಯ ಅಥವಾ ತಂದೆಯ ಹೊತ್ತು. ಆದರೆ ತನ್ನ ಮಗುವಿಗೆ ತಾನು ಕಲಿಸಿದ್ದಕ್ಕೆ ತಾಯಿಯು ಈ ಖಾತೆಯಿಂದ ಒಂದು ಡಾಲರನ್ನೂ ಪಡೆಯುವಂತಿಲ್ಲ. ಈ ನಿಯಮ ಸರಿಯಾದುದೇ. ಆದರೆ ಅದರ ಫಲವೇನೆಂದರೆ, ಮನೆಪಾಠದ ಜೀವಾಳವಾದ ಶ್ರಮಕ್ಕೆ ಹಣವಿಲ್ಲ. ಅದರ ಸುತ್ತಲಿನ ಸಾಮಾನಿಗೆ 7,000 ಡಾಲರ್ ಇದೆ. ನನ್ನ ತಂಗಿಯ ಮಗಳು ಎರಡು ವರ್ಷ ಇಬ್ಬರು ಮಕ್ಕಳಿಗೆ ಪಾಠ ಹೇಳಿದ್ದು ಸಾರ್ವಜನಿಕ ಗ್ರಂಥಾಲಯದ ಪುಸ್ತಕಗಳಿಂದ, ಅಡಿಗೆಮನೆಯ ಅಳತೆಪಾತ್ರೆಗಳಿಂದ, ಹಿತ್ತಲಿನ ಗಿಡಗಳಿಂದ. ವರ್ಷದ ಖರ್ಚು ಕೆಲವು ನೂರು ಡಾಲರ್ ಎಂದು ಆಕೆಯೇ ಹೇಳಿದಳು. ಖಾತೆಗೆ 7,000 ಬಂದು ಬಿದ್ದ ಮೇಲೆ ಅದು ಖರ್ಚಾಗುವ ದಾರಿಯನ್ನು ತಾನಾಗಿ ಹುಡುಕುತ್ತದೆ. ಉಳಿದ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯಬಹುದೆಂಬ ನಿಯಮವಿದ್ದರೂ, ಇರುವ ಹಣಕ್ಕೆ ಅವಶ್ಯಕತೆ ಹುಟ್ಟಿಕೊಳ್ಳುವುದು ಮನುಷ್ಯ ಸ್ವಭಾವ. ಪರಿಗ್ರಹಕ್ಕೆ ಪರಿಮಾಣವನ್ನು ಹಾಕಿಕೊಳ್ಳುವ ಅಭ್ಯಾಸವುಳ್ಳ ಮನೆಗಳು ಇದನ್ನು ಬೇಗನೆ ಅರಿಯಬಲ್ಲವು.

ಸ್ವಾತಂತ್ರ್ಯದ ಬೆಲೆ

ಗೃಹಶಿಕ್ಷಣದ ಹಳೆಯ ಹೋರಾಟಗಾರರಲ್ಲಿ ಅನೇಕರು ಈ ಹಣವನ್ನು ವಿರೋಧಿಸುತ್ತ ಬಂದಿದ್ದಾರೆಂಬುದು ಗಮನಾರ್ಹ. ಹಣ ಬಂದ ಹಾದಿಯಲ್ಲಿಯೇ ನಿಯಂತ್ರಣವೂ ಬರುತ್ತದೆಂಬುದು ಅವರ ಭಯ. ಅದು ನಿರಾಧಾರವಲ್ಲ. ಅರಿಜೋನಾದಲ್ಲಿ ಸ್ವಂತ ಖರ್ಚಿನಿಂದ ಮನೆಯಲ್ಲಿ ಕಲಿಸುವವರು ಕೌಂಟಿಯ ಶಾಲಾ ಅಧೀಕ್ಷಕರಿಗೆ ಒಂದು ಪ್ರಮಾಣಪತ್ರವನ್ನು ಕೊಟ್ಟರೆ ಸಾಕು. ಶಿಕ್ಷಣ ಖಾತೆಗೆ ಸಹಿ ಹಾಕಿದವರು ಆ ಪ್ರಮಾಣಪತ್ರವನ್ನು ಹಿಂತೆಗೆದುಕೊಳ್ಳಬೇಕು. ಮನೆಯಲ್ಲಿಯೇ ಕಲಿಸುತ್ತಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅವರು ಗೃಹಶಿಕ್ಷಣದವರಲ್ಲ. ಸರಕಾರದೊಡನೆ ಒಪ್ಪಂದ ಮಾಡಿಕೊಂಡವರು. ಹೆಸರು ಬದಲಾಯಿತೆಂದರೆ ಸಂಬಂಧವೂ ಬದಲಾಯಿತು.

ಅದಕ್ಕಿಂತ ಗುರುತರವಾದ ಇನ್ನೊಂದು ಷರತ್ತಿದೆ. ಸಹಿ ಹಾಕುವ ತಾಯಿತಂದೆಗಳು ಮಗುವಿಗೆ ಶಿಕ್ಷಣ ಕೊಡುವ ಹೊಣೆಯಿಂದ ತಮ್ಮ ಪ್ರದೇಶದ ಸರಕಾರಿ ಶಾಲಾ ಜಿಲ್ಲೆಯನ್ನು ಮುಕ್ತಗೊಳಿಸುತ್ತಾರೆ. ವಿಕಲಚೇತನ ಮಗುವಿಗೆ ತಕ್ಕ ಶಿಕ್ಷಣವನ್ನು ಉಚಿತವಾಗಿ ಒದಗಿಸಬೇಕೆಂದು ಅಮೆರಿಕಾದ ಕೇಂದ್ರ ಕಾನೂನು ಸರಕಾರಿ ಶಾಲೆಗಳ ಮೇಲೆ ಹೊರಿಸಿರುವ ಕರ್ತವ್ಯ ಸಣ್ಣದಲ್ಲ. ಖಾತೆಯ ಹಣಕ್ಕೆ ಪ್ರತಿಯಾಗಿ ಆ ರಕ್ಷಣೆಯನ್ನು ಬಿಟ್ಟುಕೊಡಬೇಕು. ಎಷ್ಟು ತಾಯಿತಂದೆಗಳು ಈ ಸಾಲನ್ನು ಓದಿ ಸಹಿ ಹಾಕುತ್ತಾರೆ?

ಧರ್ಮಶಿಕ್ಷಣದ ಪ್ರಶ್ನೆ

ಈ ಹಣವನ್ನು ಧಾರ್ಮಿಕ ಪಠ್ಯಪುಸ್ತಕಗಳಿಗೂ ಧಾರ್ಮಿಕ ಶಾಲೆಯ ಶುಲ್ಕಕ್ಕೂ ಬಳಸಲು ಅವಕಾಶವಿದೆ. ಹಾಗಾದರೆ ನಮ್ಮ ಮಕ್ಕಳ ಪಾಠಶಾಲೆಯ ವೆಚ್ಚವನ್ನೂ ಇದರಿಂದ ಭರಿಸಬಹುದಲ್ಲ ಎಂಬ ವಿಚಾರ ಕೆಲವರಿಗೆ ಹೊಳೆಯಬಹುದು. ಕಾನೂನು ಒಪ್ಪಿದರೂ ಇದು ಉಚಿತವಲ್ಲವೆಂಬುದು ನನ್ನ ಅಭಿಪ್ರಾಯ. ನಮ್ಮ ಧರ್ಮವನ್ನರಿಯದ ಅನ್ಯರ ತೆರಿಗೆಯಿಂದ ನಮ್ಮ ಮಕ್ಕಳಿಗೆ ಧರ್ಮಪಾಠ ಹೇಳಿಸುವುದು ನ್ಯಾಯವೆಂದಾದರೆ, ನಾವು ಒಪ್ಪದ ಉಪದೇಶಕ್ಕೆ ನಮ್ಮ ತೆರಿಗೆಯೂ ಹೋಗುವುದನ್ನು ನಾವು ಒಪ್ಪಬೇಕು. ಪಾಠಶಾಲೆಯು ಸಮಾಜದ ದಾನದಿಂದ, ಹಿರಿಯರ ಸೇವೆಯಿಂದ ನಡೆಯತಕ್ಕದ್ದು. ಅದು ಬಡವಾಗಿದ್ದರೂ ಚಿಂತೆಯಿಲ್ಲ, ಯಾರ ಹಂಗಿನಲ್ಲಿಯೂ ಇರಬಾರದು.

ಕೊಟ್ಟ ಉತ್ತರ

ಹಾಗಾದರೆ ನನ್ನ ತಂಗಿಯ ಮಗಳಿಗೆ ಕೊನೆಗೆ ಹೇಳಿದ್ದೇನು? ಮೊದಲು ಆಡಿದ ಮಾತನ್ನು ಹಿಂತೆಗೆದುಕೊಂಡೆ. ಬೊಕ್ಕಸದ ಹಣವನ್ನು ಪಡೆಯುವುದು ತಾನಾಗಿ ದೋಷವಲ್ಲವೆಂದು ಒಪ್ಪಿಕೊಂಡೆ. ಅನಂತರ, ಮಕ್ಕಳಿಬ್ಬರ ಪ್ರಶ್ನೆಯನ್ನು ಬೇರೆ ಬೇರೆಯಾಗಿ ನೋಡೆಂದು ಹೇಳಿದೆ. ಖಾತೆಯು ಪ್ರತಿಯೊಂದು ಮಗುವಿಗೆ ಪ್ರತ್ಯೇಕವಾದುದರಿಂದ ಇದು ಸಾಧ್ಯ.

ಮಗಳು ಚೆನ್ನಾಗಿ ಓದುತ್ತಿದ್ದಾಳೆ; ಆಕೆಗೆ ಬೇಕಾದದ್ದೆಲ್ಲ ಮನೆಯಲ್ಲಿಯೂ ಗ್ರಂಥಾಲಯದಲ್ಲಿಯೂ ಇದೆ. ಆಕೆಯ ಹೆಸರಿನಲ್ಲಿ ಹಣ ಪಡೆದರೆ ಅದಕ್ಕೆ ಖರ್ಚನ್ನು ಹುಡುಕಬೇಕಾಗುತ್ತದೆ. ಅವಶ್ಯಕತೆಯಿಲ್ಲದವನು ನಿಧಿಯಿಂದ ಪಡೆದದ್ದು ಅವಶ್ಯಕತೆಯುಳ್ಳವನ ಪಾಲಿನಿಂದ ಕಳೆದದ್ದೇ. ಮಗನ ವಿಷಯ ಬೇರೆ. ಮಾತಿನ ತೊಡಕಿಗೆ ಚಿಕಿತ್ಸಕರ ಶುಲ್ಕವನ್ನು ಆ ಕುಟುಂಬ ಕಷ್ಟಪಟ್ಟು ಕಟ್ಟುತ್ತಿದೆ. 2011ರಲ್ಲಿ ಯೋಜನೆ ಹುಟ್ಟಿದ್ದೇ ಇಂತಹ ಮಕ್ಕಳಿಗಾಗಿ. ಅವನಿಗಾಗಿ ಪಡೆಯುವುದರಲ್ಲಿ ಸಂಕೋಚ ಬೇಡ. ಆದರೆ ಶಾಲಾ ಜಿಲ್ಲೆಯು ಉಚಿತವಾಗಿ ಕೊಡಬೇಕಾದ ನೆರವೇನೆಂದು ಮೊದಲು ಬರವಣಿಗೆಯಲ್ಲಿ ಕೇಳಿ ತಿಳಿದುಕೋ, ಬಿಟ್ಟುಕೊಡುವುದಕ್ಕಿಂತ ಪಡೆಯುವುದು ಹೆಚ್ಚಾದರೆ ಮಾತ್ರ ಸಹಿ ಹಾಕು ಎಂದೆ.

ಇನ್ನೊಂದು ಮಾತನ್ನೂ ಹೇಳಿದೆ. "ಸರಕಾರ ನಿನ್ನಿಂದ ಪಾವತಿಯನ್ನಷ್ಟೇ ಕೇಳುತ್ತದೆ. ನೀನು ಎರಡು ಪುಸ್ತಕಗಳನ್ನಿಡು. ಒಂದರಲ್ಲಿ ಹಣದ ಜಮಾಖರ್ಚು, ಇನ್ನೊಂದರಲ್ಲಿ ಮಗುವಿನ ಕಲಿಕೆ. ಪ್ರತಿ ಕಂತಿನ ಕೊನೆಗೆ ಅವನು ಯಾವ ಶಬ್ದಗಳನ್ನು ಸ್ಪಷ್ಟವಾಗಿ ನುಡಿಯಬಲ್ಲ, ಏನನ್ನು ಓದಬಲ್ಲ, ಎಷ್ಟು ಕೂಡಿ ಕಳೆಯಬಲ್ಲ ಎಂದು ಬರೆ. ನಿನಗೆ ಗುರುತಿರುವ ಶಿಕ್ಷಕರೊಬ್ಬರಿಗೆ ಅದನ್ನು ತೋರಿಸಿ ಸಹಿ ಪಡೆ. ಯಾರೂ ಕೇಳದಿದ್ದರೂ ಬರೆ." ಆಕೆ ಸ್ವಲ್ಪ ಹೊತ್ತು ಮೌನವಾಗಿದ್ದು, "ಮಾವ, ಎರಡನೆಯ ಪುಸ್ತಕ ಬರೆಯುವುದು ಕಷ್ಟ. ಕೆಲವು ತಿಂಗಳು ಅದರಲ್ಲಿ ಬರೆಯಲು ಏನೂ ಇರುವುದಿಲ್ಲ" ಎಂದಳು. ಏನೂ ಇಲ್ಲದ ತಿಂಗಳಿನಲ್ಲಿ ಏನೂ ಇಲ್ಲವೆಂದೇ ಬರೆಯಬೇಕೆಂದು ಹೇಳಿದೆ. ನಮ್ಮ ಟ್ರಸ್ಟಿನ ಆ ಹುಡುಗನ ವಿಷಯದಲ್ಲಿ ನಾವು ಬರೆಯದೆ ಹೋದ ಸಾಲು ಅದೇ.

ಅಳತೆ ತೂಕಗಳಲ್ಲಿ ಮಾಡುವ ಮೋಸವನ್ನು ನಮ್ಮ ಆಚಾರ್ಯರು ಅಚೌರ್ಯ ವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಅಳೆಯದೆಯೇ ಇರುವುದನ್ನು ಯಾವುದರಲ್ಲಿ ಎಣಿಸಬೇಕು? ಅರಿಜೋನಾದ ಶಾಸಕರಿಗೆ ಈ ಪ್ರಶ್ನೆಯನ್ನು ಕೇಳುವ ಅಧಿಕಾರ ನನಗಿಲ್ಲ. ಆದರೆ ವಿದ್ಯಾರ್ಥಿ ನಿಧಿಗಳನ್ನು ನಿರ್ವಹಿಸುವ ನಮ್ಮ ಟ್ರಸ್ಟುಗಳ ಧರ್ಮಬಂಧುಗಳನ್ನು ಕೇಳುವ ಅಧಿಕಾರವಿದೆಯೆಂದು ಭಾವಿಸುತ್ತೇನೆ. ಈ ವರ್ಷದ ಲೆಕ್ಕ ಮುಗಿಸುವ ಮುನ್ನ, ಸಹಾಯ ಪಡೆದ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಒಮ್ಮೆ ಎದುರಿಗೆ ಕೂರಿಸಿಕೊಂಡು, ಪಾವತಿಯನ್ನು ಬದಿಗಿಟ್ಟು, ಏನು ಕಲಿತೆಯೆಂದು ವಾತ್ಸಲ್ಯದಿಂದ ಕೇಳಿರಿ. ಉತ್ತರ ಬಾರದಿದ್ದರೆ ನಿಧಿಯ ಕೆಲಸ ಅಲ್ಲಿಂದಲೇ ಆರಂಭವಾಗಬೇಕು.